ದೊಡ್ಡವ್ವ ತುಂಬಿದ ಉಡಿ

ಮೊನ್ನೆ ಸಂಭಾಜಿನಗರದ ಕಿರಾಣಿ ಅಂಗಡಿಯಲ್ಲಿ ಒಣಕೊಬ್ಬರಿಯ ಚೀಲ ಬಿಚ್ಚಿದರು. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ದೊಡ್ಡವ್ವ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು...

ನನಗೆ ಸ್ವಂತ ದೊಡ್ಡವ್ವ ಯಾರೂ ಇಲ್ಲ. ಈಕೆ ನಾಸಿಕದಲ್ಲಿ ನಮ್ಮ ಪಕ್ಕದ ತಗಡಿನ ಶೆಡ್ಡಿನವಳು. ನನ್ನ ಗಂಡ ಗೌಂಡಿ; ಮದುವೆಯಾದ ವರ್ಷವೇ ವಿಜಯಪುರದ ಕಡೆಯಿಂದ ಪಂಚವಟಿಯಾಚೆ ಕಟ್ಟಡದ ಕೆಲಸಕ್ಕೆ ಬಂದಿದ್ದೆವು. ಅವಳು ಬೀದರ ಕಡೆಯವಳು, ಅಜ್ಜನ ಕಾಲದಿಂದ ಅವರ ಮನೆಯವರು ಕ್ರೈಸ್ತರು. ಗಂಡ ಸತ್ತು ಬಹಳ ವರ್ಷವಾಗಿತ್ತು. ವಾರವಿಡೀ ತಲೆಯ ಮೇಲೆ ಮರಳು ಹೊತ್ತು, ಭಾನುವಾರ ಮಾತ್ರ ಒಗೆದ ಸೀರೆ ಉಟ್ಟು ಪ್ರಾರ್ಥನೆಗೆ ಹೋಗುತ್ತಿದ್ದಳು. ಬಾಯಿ ಜೋರು. ಕೂಲಿಯವರನ್ನು ದುಡಿಸುವ ಮುಕಾದಮನೂ ಅವಳ ಮುಂದೆ ದನಿ ತಗ್ಗಿಸುತ್ತಿದ್ದ.

ನನಗೆ ಏಳು ತಿಂಗಳು ತುಂಬಿತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ಕುಬುಸದ ಪದ್ಧತಿ. ನನಗೆ ತಾಯಿ ಇರಲಿಲ್ಲ, ತವರು ಹೆಸರಿಗಷ್ಟೇ. ಉಡಿ ತುಂಬದೆ ಹೆರಿಗೆಯಾದರೆ ಮಗುವಿಗೆ ಏನಾದೀತೋ ಎಂದು ಒಳಗೊಳಗೇ ಹೆದರಿ ಅಳುತ್ತಿದ್ದೆ. ದೊಡ್ಡವ್ವ ಕಂಡಳು. "ನಿಮ್ಮವ್ವ ಇಲ್ಲಂದ್ರ ನಾನೂ ಸತ್ತೀನೇನ? ನಾ ತುಂಬತೀನಿ ಉಡಿ," ಎಂದಳು.

ಮಾತು ಶೆಡ್ಡಿನಿಂದ ಶೆಡ್ಡಿಗೆ ಹಾರಿತು. ಗಂಡ ಸತ್ತವಳು ಉಡಿ ತುಂಬುವುದೇ ಎಂದು ನಮ್ಮ ಹೆಂಗಸರು ಮೂಗು ಮುರಿದರು. ಅತ್ತ ಅವಳ ಪಾಸ್ಟರ್‌ಗೂ ಸುದ್ದಿ ಮುಟ್ಟಿತು. ಅವರೂ ಬೀದರ ಕಡೆಯವರೇ, ಚಿಕ್ಕ ವಯಸ್ಸು, ಕೆಟ್ಟವರಲ್ಲ. ಒಂದು ಸಂಜೆ ಬಂದು ತಲೆ ತಗ್ಗಿಸಿಯೇ ಹೇಳಿದರು, "ಇದು ಹಳೇ ದೇವರುಗಳ ಪದ್ಧತಿ ಆಯಿ. ಮಾಡಿದ್ರ ಪ್ರಭುವಿನ ಭೋಜನದಾಗ ನಿಮಗ ರೊಟ್ಟಿ ಕೊಡಾಕ ಆಗೂದಿಲ್ರಿ."

ಪ್ರಾರ್ಥನೆಯಲ್ಲಿ ಯೇಸುವಿನ ನೆನಪಿಗೆಂದು ಹಂಚುವ ಆ ರೊಟ್ಟಿಯ ಚೂರು ಅವಳಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಅದನ್ನು ತೆಗೆದುಕೊಳ್ಳುವ ಹಿಂದಿನ ದಿನ, ಜಗಳವಾಡಿದವರ ಮನೆಗೆಲ್ಲ ತಾನೇ ಹೋಗಿ ಮಾತಾಡಿಸಿ ಬರುತ್ತಿದ್ದಳು. ಬೇಡ ದೊಡ್ಡವ್ವ ಎಂದು ಕೈ ಹಿಡಿದೆ. ಕೊಡವಿಕೊಂಡಳು.

"ಪಾಸ್ಟರ್, ಹೋದ ಕ್ರಿಸ್ಮಸ್ಸಿಗೆ ನೀವಾ ಹೇಳಿದ್ರಿ. ಹಿಮ ಬೀಳೋ ದೇಶದಾಗ ಯೇಸಪ್ಪನ ಹೆಸರು ಕೇಳೂ ಮೊದಲು ಮಂದಿ ಗಿಡಾ ಪೂಜಿ ಮಾಡ್ತಿದ್ರು ಅಂತ. ಅವರ ಗಿಡಾ ಕ್ರಿಸ್ಮಸ್ ಗಿಡಾ ಆಗಿ ನಮ್ಮ ಪ್ರಾರ್ಥನಾ ಖೋಲಿ ಒಳಗ ಬಂತು. ನಮ್ಮವ್ವನ ಉಡಿ ಅಕ್ಕಿ ಯಾಕ ಹೊರಗ ನಿಲ್ಲಬೇಕರಿ?"

ಪಾಸ್ಟರ್ ಚಹಾ ಕುಡಿದು ಎದ್ದರು. ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಉಡಿ ತುಂಬಿದಳು. ಅರಿಸಿನ ಕುಂಕುಮವನ್ನು ಮಾತ್ರ ನನ್ನ ಮುಂದೆ ಸರಿಸಿ, "ಇದು ನಿನ್ನ ದೇವ್ರದು, ನೀನಾ ಹಚ್ಕೊ," ಎಂದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. "ಕೊಟ್ಟಿಗ್ಯಾಗ ಹಡದ ನಿಮ್ಮವ್ವಗೂ ಯಾರೂ ಉಡಿ ತುಂಬಲಿಲ್ಲ ಯೇಸಪ್ಪಾ. ಈಕಿಗೆ ನಾ ತುಂಬೀನಿ, ಇನ್ನ ನೀ ನೋಡ್ಕೊ." ನನ್ನ ಹೆದರಿಕೆ ಅಲ್ಲಿಗೇ ಇಳಿಯಿತು. ಅಂಥ ಗಟ್ಟಿ ಎದೆಯವಳು ನನ್ನವಳೆಂದು ಹೆಮ್ಮೆಯಾಯಿತು.

ಆ ಭಾನುವಾರ ಹೊಟ್ಟೆ ಹೊತ್ತುಕೊಂಡೇ ಅವಳ ಜೊತೆ ಹೋದೆ. ಎಂದಿನಂತೆ ಮುಂದಿನ ಚಾಪೆಯಲ್ಲೇ ಕೂತಳು. ರೊಟ್ಟಿಯ ತಟ್ಟೆ ಅವಳನ್ನು ದಾಟಿ ಹೋಯಿತು. ಎಲ್ಲರಿಗಿಂತ ಜೋರಾಗಿ ಹಾಡಿದಳು. ಹೊರಗೆ ಬಂದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ರೊಟ್ಟಿ ಅವ್ರ ಕೈಯಾಗ ಐತಿ. ಯೇಸಪ್ಪ ಅವ್ರ ಕೈಯಾಗಿಲ್ಲ," ಎಂದಳು.

ಮುಂದೆ ಆ ತಟ್ಟೆ ಅವಳ ಮುಂದೆ ನಿಂತಿತೋ ಇಲ್ಲವೋ... ಹೆರಿಗೆ ಸುಸೂತ್ರವಾಯಿತು, ನಾವು ಸಂಭಾಜಿನಗರದ ಕೆಲಸಕ್ಕೆ ಬಂದುಬಿಟ್ಟೆವು. ಬೀದರ ಕಡೆಯ ಊರಿನಲ್ಲಿ ಅವಳನ್ನು ಮಣ್ಣು ಮಾಡಿದ ಸುದ್ದಿಯೂ ನನಗೆ ತಿಂಗಳು ಕಳೆದ ಮೇಲೆ ಮುಟ್ಟಿತು.

ಈಗ ನನ್ನ ಗಂಡನೂ ಇಲ್ಲ. ಹೋದ ವಾರ ಪಕ್ಕದ ಮನೆಯ ಹುಡುಗಿಯ ಕುಬುಸವಿತ್ತು. "ಕಾಕೂ, ಒಳಗ ಬರ್ರಿ, ನೀವೂ ಉಡಿ ತುಂಬ್ರಿ," ಎಂದು ಎರಡು ಸಲ ಕರೆದಳು. ನಾನು ಹೊಸ್ತಿಲಾಚೆಯೇ ನಿಂತು, ನಕ್ಕು, ವಾಪಸು ಬಂದೆ. ದೊಡ್ಡವ್ವ ಇದ್ದಿದ್ದರೆ ಬೆನ್ನಿಗೊಂದು ಗುದ್ದಿ ಒಳಗೆ ತಳ್ಳುತ್ತಿದ್ದಳು.