ಪಾಸ್‌ಪೋರ್ಟಿನೊಳಗಿನ ತೆನೆ

ಮಧ್ಯಾಹ್ನ ಮೂರು ಹತ್ತಕ್ಕೆ ಜೆರುಸಲೇಮಿನಲ್ಲಿ ಸೈರನ್ ಕೂಗಿತು. ಯಾತ್ರೆಗೆ ಬಂದಿದ್ದ ಅಪ್ಪ, ಅಮ್ಮ, ನಾನು ಹೋಟೆಲಿನ ನೆಲಮಾಳಿಗೆಗೆ ಓಡಿದೆವು. ಗೋಡೆಗಳು ನಡುಗುತ್ತಿದ್ದವು. ವಿಮಾನಗಳು ನಿಂತದ್ದರಿಂದ ಮರುದಿನ ಬಸ್ಸಿನಲ್ಲಿ ಗಡಿಗೆ ಬಂದೆವು. ದಾಟಿದರೆ ಊರು, ಇಲ್ಲವಾದರೆ ಮತ್ತೆ ಅದೇ ನೆಲಮಾಳಿಗೆ.

ಅಧಿಕಾರಿ ಅಮ್ಮನ ಪಾಸ್‌ಪೋರ್ಟ್ ಬಿಡಿಸಿದಾಗ ಒಣಗಿದ ಭತ್ತದ ತೆನೆಯೊಂದು ಮೇಜಿನ ಮೇಲೆ ಬಿತ್ತು. ಬೀಜ ದಾಟಿಸುವಂತಿಲ್ಲ ಎಂದು ಆತ ಕಸದ ಬುಟ್ಟಿ ತೋರಿಸಿದ.

"ಎಸೆದ್ ಬಿಡಮ್ಮ," ಎಂದೆ.

"ಮೊಂತಿ ಹಬ್ಬಕ್ಕೆ ಇಗರ್ಜಿಲಿ ಪಾದ್ರಿ ಆಶೀರ್ವಾದ ಮಾಡಿದ್ ತೆನೆ, ನಮ್ ಬಾರ್ಕೂರ್ ಗದ್ದಿದ್. ಕಸಕ್ಕೆ ನಾ ಹಾಕುದಿಲ್ಲೆ."

ಅಲ್ಲೇ ನಿಂತು ಉಗುರಿನಿಂದ ಒಂದೊಂದೇ ಕಾಳು ಸುಲಿದಳು. ಹೊಸ ಬೆಳೆಯ ಆ ಹಬ್ಬದಂದು ಕಾಳನ್ನು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಉಣ್ಣುವುದು ನಮ್ಮ ವಾಡಿಕೆ. "ಹ್ವಾಯ್, ಬಾಯ್ ತೆಗಿನಿ. ತಿಂದ್ರೆ ಮತ್ತೆಂತ ಬೀಜ?"

"ಪಾಯಸ ಎಲ್ಲಿತ್ತ್?" ಎನ್ನುತ್ತಲೇ ಅಪ್ಪ ಬಾಯಿ ತೆರೆದರು.

ಅಧಿಕಾರಿಯೂ ಅಂಗೈ ಚಾಚಿದ. ಒಂದು ಕಾಳು ಅಗಿದು, ಮೂರೂ ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದ.

ಗಡಿಯಾಚೆ ವಿಮಾನ ಹತ್ತಿ, ಮಂಗಳೂರಿನಲ್ಲಿ ಇಳಿದು ಧ್ವಜ ಕಂಡಾಗ ಅಪ್ಪ ಸೆಲ್ಯೂಟ್ ಹೊಡೆದರು. ಆದರೆ ಬಾರ್ಕೂರಿನ ಮನೆಯಲ್ಲೂ ರಾತ್ರಿ ರೈಲು ಕೂಗಿದರೆ ಸೈರನ್ನೆಂದು ಮೂವರೂ ಎದ್ದು ಕೂರುತ್ತಿದ್ದೆವು. ಮೊಂತಿ ಹಬ್ಬದ ದಿನ ಅಮ್ಮ ಹೊಸ ತೆನೆ ತಂದು ದೇವರ ಪೀಠದಲ್ಲಿಟ್ಟಳು. ಆ ರಾತ್ರಿ ರೈಲು ಹೋದದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ.