ಮಲ್ಲೇಶಪ್ಪನವರ ಐತವಾರದ ಓದು

ಬ್ಯಾಡಗಿಯ ನಮ್ಮ ಗ್ರಂಥಾಲಯದ ಬಾಗಿಲಿಗೆ ಯಾರೇ ಬರಲಿ, ಮಲ್ಲೇಶಪ್ಪನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಏನ್ ತಂದೀರಿ?"

ಏನು ಬೇಕು ಎಂದು ಕೇಳುವುದು ಗ್ರಂಥಪಾಲರ ರೂಢಿ. ಇವರು ಬಂದವರ ಕೈ ನೋಡುತ್ತಿದ್ದರು. ಪತ್ರಿಕೆ ಓದಲು ಬಂದ ಹಮಾಲರು ಮೊದಮೊದಲು ಗಾಬರಿಯಾಗಿ ಖಾಲಿ ಅಂಗೈ ತೋರಿಸುತ್ತಿದ್ದರು. "ಇವತ್ತ ಇಲ್ಲಾಂದ್ರ ನಾಳೆ ತರ್ರಿ. ಅಟ್ಟದ ಮ್ಯಾಲ ನೋಡ್ರಿ, ಜಂತಿ ಸಂದ್ಯಾಗ ನೋಡ್ರಿ. ಇಲಿಗೆ ಹಾಕೂದು ನನಗ ಹಾಕ್ರಿ," ಎನ್ನುತ್ತಿದ್ದರು.

ನಾನು ಅಲ್ಲಿ ಸಹಾಯಕಿಯಾಗಿ ಸೇರಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಅವರಿಗೆ ಆಗ ಐವತ್ತು ಹತ್ತಿರವಾಗಿತ್ತು. ದಿನಾ ರಾಣೆಬೆನ್ನೂರಿನಿಂದ ಬಸ್ಸಿಗೆ ಬರುತ್ತಿದ್ದರು. ತೆಳ್ಳಗಿನ ಆಳು, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಬ್ರಶ್ಶು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಎರಡು ಕಪಾಟುಗಳಿದ್ದವು. ಅವುಗಳಲ್ಲಿ ಊರವರು ತಂದುಕೊಟ್ಟ ಕಾಗದಗಳು: ಹಳೆಯ ಮದುವೆ ಪತ್ರಿಕೆಗಳು, ಶಾಲೆಯ ಹಾಜರಿ ಪುಸ್ತಕ, ಬಯಲಾಟದ ಕೈಬರಹದ ಪ್ರತಿ, ಆಸ್ತಿ ಪಾಲಾದ ವಾಟ್ನಿ ಪತ್ರ. ಪ್ರತಿಯೊಂದಕ್ಕೂ ಒಂದು ನಂಬರು. ರಜಿಸ್ಟರಿನಲ್ಲಿ ಕೊಟ್ಟವರ ಹೆಸರು, ಕೊನೆಯಲ್ಲಿ ಷರಾ. ಇದಕ್ಕೆ ಮೇಲಿನವರ ಆದೇಶವೇನೂ ಇರಲಿಲ್ಲ. ಅವರು ಮಾಡುತ್ತಿದ್ದರು, ಅಷ್ಟೆ.

ತಿಂಗಳಿಗೆ ಎರಡು ಐತವಾರ ಬೆಳಿಗ್ಗೆ ಹತ್ತಕ್ಕೆ ಓದು ಇರುತ್ತಿತ್ತು. ಕಾಗದ ತಂದವರನ್ನು ಮುಂದಿನ ಕುರ್ಚಿಯಲ್ಲಿ ಕೂಡಿಸಿ, ಅವರ ಕಾಗದವನ್ನು ಎಲ್ಲರೆದುರು ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದರು. ಹಳೆಯ ಮೋಡಿ ಬರವಣಿಗೆ, ಅಂದರೆ ಅಕ್ಷರಗಳನ್ನು ಕೂಡಿಸಿ ಎಳೆದು ಬರೆಯುವ ಶೈಲಿ, ಆ ಸುತ್ತಿನಲ್ಲಿ ಸಲೀಸಾಗಿ ಓದಬಲ್ಲವರು ಅವರೊಬ್ಬರೇ.

ಒಮ್ಮೆ ಮೆಣಸಿನಕಾಯಿ ದಲಾಲರೊಬ್ಬರು ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಕಾಗದ ತಂದರು. ತಮ್ಮ ಮುತ್ತಾತನಿಗೆ ಅರಸರು ಇನಾಮು ಕೊಟ್ಟ ಸನದು ಎಂದು ಮನೆತನದವರೆಲ್ಲ ಬಂದು ಕೂತಿದ್ದರು. ಮಲ್ಲೇಶಪ್ಪನವರು ಓದಿದರು. ಅದು ಫಿರ್ಯಾದು. ಆ ಮುತ್ತಾತ ಪಕ್ಕದ ಮನೆಯ ಎತ್ತಿನ ಕೊರಳಗಂಟೆ ಕದ್ದಿದ್ದ.

ದಲಾಲರು ಮೆಲ್ಲಗೆ, "ಗಂಟಿ ಅಂತ ಖರೇನ ಐತೇನ್ರಿ? ಇನ್ನೊಮ್ಮೆ ನೋಡ್ರಿ," ಎಂದರು.

"ಗಂಟೀನ ಐತ್ರಿ. ಬೇಜಾರಾಗಬ್ಯಾಡ್ರಿ. ನಿಮ್ಮ ಮುತ್ಯಾ ಈ ಊರಾಗ ಇದ್ದ ಅನ್ನಾಕ ಬ್ಯಾರೆ ಸಾಕ್ಷಿ ಇಲ್ಲ. ಕದ್ದಿದ್ದಕ್ಕ ಉಳದಾನ ನೋಡ್ರಿ."

ಹಿಂದಿನ ಸಾಲಿನ ಹಮಾಲ ಮೊದಲು ನಕ್ಕ. ಆಮೇಲೆ ದಲಾಲರೂ ನಕ್ಕರು.

ಆ ನಗುವಿನ ದಿನಗಳಲ್ಲೇ ದ್ಯಾಮವ್ವ ಬಂದದ್ದು. ಅದು ಶುಕ್ರವಾರ, ಮಧ್ಯಾಹ್ನ ದಾಟಿತ್ತು. ಕದರಮಂಡಲಗಿಯ ಕಡೆಯ ಒಂದು ಹಳ್ಳಿಯವಳು, ಎಪ್ಪತ್ತು ದಾಟಿದವಳು. ಜೊತೆಗೆ ಮೊಮ್ಮಗನಿದ್ದ. ಸೆರಗಿನಲ್ಲಿ ಒಂದು ಕಡತ ತಂದಿದ್ದಳು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಮಡಿಚಿದ ಕರಿಯ ಪುಸ್ತಕ ಅದು. ನಮ್ಮಲ್ಲಿಗೆ ಅಲ್ಲಿಯತನಕ ಬಂದದ್ದೆಲ್ಲ ಕಾಗದ. ನಾನು ಕಡತ ನೋಡಿದ್ದು ಅದೇ ಮೊದಲು.

"ಪ್ಲೇಗಿನ್ಯಾಗ ಸತ್ತವರ ಹೆಸರ ಇದರಾಗ ಬರದಾರಂತ್ರಿ," ಎಂದಳು. "ನಮ್ಮವ್ವನ ಹೆಸರ ಏನೈತಿ ನೋಡಿ ಹೇಳ್ರಿ."

"ನಿಮಗ ಗೊತ್ತಿಲ್ಲೇನು?" ಎಂದು ನಾನು ಕೇಳಿದೆ.

"ಯಾರ ಹೇಳಬೇಕವಾ? ಆಕಿ ಸತ್ತಾಗ ನಾ ಹದಿನೈದು ದಿನದ ಕೂಸು. ಅಪ್ಪ ಹೇಂತಿ ಹೆಸರ ಬಾಯಿಲೆ ಅನ್ನಾಂವ ಅಲ್ಲ. 'ನಿಮ್ಮವ್ವ' ಅಂತಿದ್ದ, ಅಷ್ಟ. ನನಗ ಕೇಳೂ ಬುದ್ಧಿ ಬರೂದರಾಗ ಹೇಳಾವ್ರು ಯಾರೂ ಉಳೀಲಿಲ್ಲ."

ಮೊಮ್ಮಗನಿಗೆ ಹೆಣ್ಣು ಕೂಸು ಹುಟ್ಟಿತ್ತು. ಮುಂದಿನ ಬೇಸ್ತವಾರ ತೊಟ್ಟಿಲಿಗೆ ಹಾಕುವವರಿದ್ದರು. ಆ ಕೂಸಿಗೆ ತನ್ನ ತಾಯಿಯ ಹೆಸರಿಡಬೇಕೆಂಬುದು ದ್ಯಾಮವ್ವನ ಹಟ.

ಮಲ್ಲೇಶಪ್ಪನವರು ಅವಳ ಅಪ್ಪನ ಹೆಸರು ಕೇಳಿಕೊಂಡು, ಎರಡು ಕೈಯಿಂದ ಕಡತ ಇಸಿದುಕೊಂಡರು. "ನಾಡದು ಐತವಾರ ಬರ್ರಿ, ಎಲ್ಲಾರ ಮುಂದ ಓದೂಣು," ಎಂದರು.

ಮರುದಿನ ಅವರು ಕಚೇರಿ ಕೆಲಸಕ್ಕೆ ಹಾವೇರಿಗೆ ಹೋಗಿದ್ದರು. ಅದು ಮೆಣಸಿನಕಾಯಿ ಸುಗ್ಗಿ. ಆ ತಿಂಗಳುಗಳಲ್ಲಿ ಬ್ಯಾಡಗಿಯ ಪೇಟೆಯಲ್ಲಿ ಯಾರೂ ಒಣ ಬಟ್ಟೆಯಿಂದ ಧೂಳು ಹೊಡೆಯುವುದಿಲ್ಲ. ಹೊಡೆದರೆ ಕೆಂಪು ಘಾಟು ಎದ್ದು ಮನೆ ತುಂಬ ಕೆಮ್ಮು. ಎಲ್ಲದಕ್ಕೂ ಹಸಿ ಬಟ್ಟೆಯೇ. ನಾನು ಮೇಜು, ಕಪಾಟು ಒರೆಸಿದೆ. ಮೇಜಿನ ಮೇಲೆ ಕಡತವಿತ್ತು. ಬಿಚ್ಚಿದೆ. ಕರಿಯ ಮಡಿಕೆಗಳ ಮೇಲೆ ಕೆಂಪು ಧೂಳು, ಧೂಳಿನ ಕೆಳಗೆ ತೆಳ್ಳಗೆ ಬಿಳಿ ಬಿಳಿ. ಅಕ್ಷರವನ್ನು ಬಟ್ಟೆಯಲ್ಲಿ ಕೊರೆದಿರುತ್ತಾರೆ, ಮೇಲಿನ ಬಿಳುಪು ಬೂಷ್ಟು ಎಂದುಕೊಂಡೆ. ಒಂದೊಂದೇ ಮಡಿಕೆ ಒರೆಸಿದೆ. ಎರಡೂ ಬದಿ. ಬಟ್ಟೆ ಹಿಂಡಿದಾಗ ನೀರು ಬೂದಿಯ ಬಣ್ಣಕ್ಕಿತ್ತು. ಕಡತವನ್ನು ಗಾಳಿಗೆ ಒಣಗಲು ಇಟ್ಟೆ. ಚೊಕ್ಕ ಕಪ್ಪಾಗಿ ಹೊಳೆಯುತ್ತಿತ್ತು. ನನಗೆ ಸಂತೋಷವಾಯಿತು. ಇದನ್ನೂ ಬರೆಯಬೇಕು, ಸಂತೋಷವಾಗಿತ್ತು.

ನಾಲ್ಕು ಗಂಟೆಗೆ ಅವರು ಬಂದರು. ಕಡತ ಎತ್ತಿಕೊಂಡು ಕೊನೆಯವರೆಗೂ ಬಿಚ್ಚಿದರು.

"ಅಕ್ಕಾರ, ಹಸಿ ಅರಬಿ ಆಡಿಸಿದ್ರೇನು?"

"ಹೂನ್ರಿ. ಧೂಳ ಕುಂತಿತ್ತು."

"ಇದು ಬಳಪದ ಬರಹ," ಎಂದರು. ಕುರ್ಚಿ ಎಳೆದುಕೊಂಡು ಕೂತರು. ನಾನು ನಿಂತೇ ಇದ್ದೆ. ಕೈಯಲ್ಲಿ ಹಸಿ ಬಟ್ಟೆಯಿತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಐತವಾರ ಬೆಳಿಗ್ಗೆ ಏಳಕ್ಕೇ ಬಂದು, ಕಿಟಕಿಯ ಓರೆ ಬಿಸಿಲಿಗೆ ಕಡತ ಹಿಡಿದು, ಕನ್ನಡಿಯಿಂದ ಬೆಳಕು ಹಾಯಿಸಿ ಮಡಿಕೆ ಮಡಿಕೆ ನೋಡಿದರು. ಬಳಪ ಒತ್ತಿದ ಗೀರು ಎಲ್ಲಾದರೂ ಉಳಿದಿದೆಯೇ ಎಂದು. ಮಡಿಕೆಗಳ ಸಂದಿಯಲ್ಲಿ, ನನ್ನ ಬಟ್ಟೆ ತಾಗದ ಕಡೆ, ಸಾಲುಗಳ ತುದಿಯ ಅಕ್ಷರಗಳು ಅಷ್ಟಿಷ್ಟು ಉಳಿದಿದ್ದವು.

ಹತ್ತಕ್ಕೆ ದ್ಯಾಮವ್ವ ಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಇಳಕಲ್ ಸೀರೆ ಉಟ್ಟಿದ್ದಳು. ಏಳೆಂಟು ಜನ ಸೇರಿದ್ದರು. ನಾನೇ ಹೇಳಬೇಕೆಂದಿದ್ದೆ. ಮಲ್ಲೇಶಪ್ಪನವರು ನಿಂತು, ಕಡತ ತೊಳೆದುಹೋಗಿದೆ, ತಪ್ಪು ನಮ್ಮದು ಎಂದರು. "ಹೆಂಗಸರ ಹೆಸರಿನ ಸಾಲಿನ್ಯಾಗ ಕಡೀ ಅಕ್ಷರ ಅಷ್ಟ ಉಳದೈತಿ. 'ವ್ವ' ಅಂತ ಐತಿ. ಅದು ಖರೇ."

ದ್ಯಾಮವ್ವ ಅವರನ್ನು ನೋಡಿದಳು. "ಅಷ್ಟು ನನಗೂ ಗೊತ್ತಿತ್ತಲ್ರೀ," ಎಂದಳು.

ನಮ್ಮ ಸೀಮೆಯಲ್ಲಿ ಆ ಕಾಲದ ಯಾವ ಹೆಂಗಸಿನ ಹೆಸರು 'ವ್ವ' ಎಂದು ಮುಗಿಯುವುದಿಲ್ಲ?

ಮೊಮ್ಮಗ ಮಲ್ಲೇಶಪ್ಪನವರನ್ನು ಬಾಗಿಲ ಕಡೆಗೆ ಕರೆದ. ನಾನು ಅಲ್ಲೇ ಇದ್ದೆ. "ಸಾಹೇಬ್ರ, ಏನರ ಒಂದು ಹೆಸರ ಹೇಳಿ ಕಳಸ್ರಿ. ನೀಲವ್ವ ಅನ್ರಿ, ಹೊನ್ನವ್ವ ಅನ್ರಿ. ಮುದುಕಿಗೆ ಸಮಾಧಾನ ಆಕ್ಕೈತಿ. ಯಾರ ಕೇಳಾಕ ಬರ್ತಾರ?"

"ಆ ಕೂಸು ಸಾಯೂತನಕ ಆ ಹೆಸರ ಹೊತ್ಕೊಂಡು ಅಡ್ಡಾಡತೈತಿ. ನಾ ಹೇಳಿದ್ರ ಅದು ಯಾರ ಹೆಸರೋ ತಮ್ಮಾ?" ಎಂದರು ಮಲ್ಲೇಶಪ್ಪನವರು. "ನಾ ಹೇಳೂದಿಲ್ಲ."

ಹೋಗುವಾಗ ದ್ಯಾಮವ್ವ ನನ್ನೆದುರು ನಿಂತಳು. ಯಾರು ಒರೆಸಿದ್ದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಮುಖ ಹೇಳಿರಬೇಕು. "ಧೂಳ ಇತ್ತು, ಒರಸೀದಿ. ನನ್ನ ಕೈಯಾಗ ಇದ್ರ ನಾನೂ ಒರಸ್ತಿದ್ದೆ," ಎಂದಳು. ನಾನು ಅಳಲಿಲ್ಲ. ಅಳು ಬರುತ್ತದೆಂದು ಹಲವು ದಿನ ಕಾದೆ.

ರಜಿಸ್ಟರಿನ ಷರಾದಲ್ಲಿ ಮಲ್ಲೇಶಪ್ಪನವರು ಬರೆದರು: "ನೀರಿನಿಂದ ಒರೆಸಿದ್ದರಿಂದ ಬರಹ ಅಳಿದಿದೆ. ಒರೆಸಿದವರು ಸಹಾಯಕಿ. ಒರೆಸಬಾರದೆಂದು ಅವರಿಗೆ ತಿಳಿಸದೆ ಹೋದವನು ನಾನು." ಕೆಳಗೆ ಸಹಿ. ಕೂಸಿಗೆ ಅಶ್ವಿನಿ ಎಂದು ಹೆಸರಿಟ್ಟರೆಂದು ಆಮೇಲೆ ಕೇಳಿದೆವು. ದ್ಯಾಮವ್ವ ಕಡತ ವಾಪಸು ಕೇಳಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು.

ಮಲ್ಲೇಶಪ್ಪನವರು ನಿವೃತ್ತರಾದ ಮೇಲೂ ಕಪಾಟುಗಳು ನನ್ನ ಸುಪರ್ದಿನಲ್ಲಿದ್ದವು. ಹಾವೇರಿ ಜಿಲ್ಲೆಯಾದಾಗ ಅಲ್ಲೊಂದು ವಸ್ತು ಸಂಗ್ರಹಾಲಯ ಮಾಡುವ ಮಾತು ಬಂತು. ಪಟ್ಟಿ ಕಳಿಸಿರೆಂದರು. ಬರಹವಿಲ್ಲದ ಆ ಕಡತವನ್ನು ಸೇರಿಸಬೇಕೋ ಬೇಡವೋ ಎಂದು ಕೇಳಲು ನಾನು ರಾಣೆಬೆನ್ನೂರಿಗೆ ಹೋದೆ. ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದಿತ್ತು. ಮಾತು ನಿಧಾನವಾಗಿತ್ತು, ಸ್ಪಷ್ಟವಿತ್ತು. ಪಡಸಾಲೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೂತಿದ್ದರು.

"ಹಾಕ್ರಿ," ಎಂದರು. "ಅಕ್ಕಾರ, ಆ ಶುಕ್ರಾರ ಆಕಿ ಹೋದಮ್ಯಾಲೆ ನಾ ಅದನ್ನ ಓದಿದ್ದೆ," ಎಂದರು.

"ಅವರವ್ವನ ಹೆಸರೂ?"

"ಗಂಡನ ಹೆಸರಿನ ಮುಂದ ಇತ್ತು. ಓದಿದ್ದೆ. ಬೆನ್ನಹತ್ತಿ ಹೋಗಿ ಹೇಳಬಹುದಿತ್ತು, ಆಕಿ ಇನ್ನೂ ಬಸ್‌ಸ್ಟ್ಯಾಂಡಿನ್ಯಾಗ ಇದ್ಲು. ಐತವಾರಕ್ಕ ಇರಲಿ ಅಂದೆ. ಎಲ್ಲಾರ ಮುಂದ ಆಕಿ ಮಾರಿ ನೋಡಬೇಕಂತ ಆಸೆ ಇತ್ತು ನನಗ. ಬರದೂ ಇಟ್ಟಿರಲಿಲ್ಲ. ಒಂದ ಸಲಕ್ಕ ನಲವತ್ತು ಹೆಸರ ಓದಿದ್ದೆ. ಶನಿವಾರ ಆ ಕಡತ ಬಿಚ್ಚಿ ನೋಡಿದಾಗ, ಯಾವುದು ಆಕೀದು ಅನ್ನೂದು ನೆನಪಿನಿಂದ ಹೋಗಿತ್ತು."

ಅಷ್ಟು ವರ್ಷ ಅದು ನನ್ನೊಬ್ಬಳ ಕೈಯ ಕೆಲಸವೆಂದು ತಿಳಿದಿದ್ದೆ. ಹಗುರವಾಗಬೇಕಿತ್ತು, ಏನೂ ಆಗಲಿಲ್ಲ.

ಅವರು ಎದುರಿನ ಗೋಡೆ ನೋಡುತ್ತಿದ್ದರು. "ಗಂಗವ್ವ," ಎಂದರು. ತಡೆದು, "ಅಲ್ಲ," ಎಂದರು. "ಬಾಳವ್ವ. ಅಲ್ಲ." ಪ್ರತಿ ಹೆಸರನ್ನೂ ಹೇಳಿ, ಕೇಳಿಸಿಕೊಂಡು, ಆಮೇಲೆ ಬಿಡುತ್ತಿದ್ದರು. ದಿನಾ ಹೀಗೇ ಎಂದು ಅವರ ಹೆಂಡತಿ ಒಳಗಿನಿಂದ ಹೇಳಿದರು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದು ಕೈ ಮುಗಿದೆ. ಅವರು ಎಡಗೈ ಎತ್ತಿದರು, ಮಾತು ನಿಲ್ಲಿಸಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಕೇಳಿಸಿತು, "ಫಕೀರವ್ವ." ಮೆಟ್ಟಿಲ ಮೇಲೆ ನಿಂತೆ. ಈ ಸಲ 'ಅಲ್ಲ' ಅನ್ನಲು ತಡವಾಯಿತು.

"ಅಲ್ಲ," ಎಂದರು.

ಆ ತಿಂಗಳ ಕೊನೆಗೆ ಅವರು ಹೋದರೆಂದು ಸುದ್ದಿ ಬಂತು.