ಜೌಹರಿ ಮಾಲು

ಮೊನ್ನೆ ಸಿಂಧನೂರಿನ ಪೇಟೆಯಲ್ಲಿ ಹೆಂಡತಿಯ ಬೆಂಡೋಲೆಯ ತಿರುಪು ಸರಿಮಾಡಿಸಲು ನಿಂತಿದ್ದೆ. ಅಂಗಡಿಯವನು ಹೊಸದಾಗಿ ಕನ್ನಡ ಬೋರ್ಡು ಹಾಕಿಸಿದ್ದಾನೆ. ಹೈದರಾಬಾದು ಬಿಟ್ಟು ಕನ್ನಡ ನಾಡು ಸೇರಿ ರಾಜ್ಯವೇ ಬದಲಾಗುವ ಹೊತ್ತಿನಲ್ಲಿ ಬೋರ್ಡು ಬದಲಾಗದಿದ್ದರೆ ಹೇಗೆ? ಆದರೆ ಹಳೆಯ ಉರ್ದು ಬೋರ್ಡನ್ನು ಬಿಸಾಡಲು ಮನಸ್ಸು ಬಾರದೆ ಗೋಡೆಗೆ ಒರಗಿಸಿದ್ದಾನೆ. ಅದರ ಮೇಲಿನ ‘ಜೌಹರಿ’ ಎಂಬುದನ್ನು ಕೂಡಿಸಿ ಓದಿದವನೇ ಗಟ್ಟಿಯಾಗಿ ನಕ್ಕುಬಿಟ್ಟೆ. ಬಂಗಾರದ ರೇಟು ಕೇಳಿ ನನ್ನ ತಲೆ ಕೆಟ್ಟಿತೆಂದು ಹೆಂಡತಿ ಗಾಬರಿಯಾದಳು. ಪಾಪ, ಅವಳ ತಪ್ಪಲ್ಲ. ನಾನು ನಗುವ ಪೈಕಿಯವನಲ್ಲ, ಚಿಂತೆ ಮಾಡುವ ಪೈಕಿ. ಬಸ್ಸು ತಡವಾದರೆ ಚಿಂತೆ; ಸಮಯಕ್ಕೆ ಬಂದರೆ, ಇಷ್ಟು ಜೋರಾಗಿ ಯಾಕೆ ಓಡಿಸಿದ ಎಂದು ಚಿಂತೆ.

ಆ ನಗುವಿನ ಬೇರು ಮಸ್ಕಿಯ ಹಳ್ಳದಲ್ಲಿದೆ. ರಜಾಕಾರರ ಗದ್ದಲ ಅಡಗಿದ ಮರುವರ್ಷ, ನಾವಿನ್ನೂ ಮಸ್ಕಿಯಲ್ಲೇ ಇದ್ದಾಗ, ಲಿಂಗಸುಗೂರು ದಾರಿಯ ಸೇತುವೆ ಬಿತ್ತು. ಸಂಜೆ ಒಂದು ಲಾರಿ ದಾಟಿತು. ಬೆಳಗಾಗುವಷ್ಟರಲ್ಲಿ ನಡುವಿನ ಕಮಾನು ನೀರಿನಲ್ಲಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದರ ಬುಡವನ್ನು ಹಳ್ಳ ಎಷ್ಟೋ ಮಳೆಗಾಲದಿಂದ ತಿನ್ನುತ್ತಿತ್ತು. ನಮ್ಮೂರ ಎಮ್ಮೆಗಳು ಕೂಡ ಆ ಸೇತುವೆಯ ಮೇಲೆ ಕಾಲಿಡುವ ಮುನ್ನ ಯೋಚಿಸುತ್ತಿದ್ದವು. ಆದರೆ ನೀವೇ ಹೇಳಿ, ಇಷ್ಟು ಸಪ್ಪೆ ಕಾರಣ ಇಟ್ಟುಕೊಂಡು ಚಹಾದಂಗಡಿಯಲ್ಲಿ ಎಷ್ಟು ಹೊತ್ತು ಕೂಡಬಹುದು?

ಆ ಕೊರತೆ ನೀಗಿಸಿದವರು ನಮ್ಮ ಕಾಕಾ, ಅಪ್ಪನ ತಮ್ಮ. ಉರ್ದು ಶಾಲೆಯಲ್ಲಿ ಕಲಿತವರು. ಹೈದರಾಬಾದಿನ ಅಖಬಾರವನ್ನು, ಅಂದರೆ ಉರ್ದು ಪತ್ರಿಕೆಯನ್ನು, ಅದು ಹಳಸಿದ ಮೇಲೂ ಬಿಡದೆ ಓದುವವರು. ಆ ಸಂಜೆ ಚಹಾಕ್ಕೆ ನಿಂತ ಲಾರಿಯ ಕ್ಲೀನರನನ್ನು, ಏನು ಹೇರೀರಪ್ಪ ಎಂದು ಕೇಳಿದ್ದರಂತೆ. ‘ಜೌಹರಿ ಮಾಲ್ ಹೈ’ ಎಂದನಂತೆ. ಜಪಾನಿನ ಮೇಲೆ ಬಿದ್ದದ್ದನ್ನು ಅಖಬಾರದವರು ‘ಜೌಹರಿ ಬಂಬ್’ ಎಂದೇ ಬರೆದಿದ್ದರು.

“ಅಣುಬಾಂಬಿನ ಮಾಲಲೇ ಅದು!” ಎಂದರು ಕಾಕಾ. “ಇಲ್ಲಾಂದ್ರ ಕಲ್ಲಿನ ಸೇತುವಿ ಸುಮ್ಮನ ಬೀಳ್ತದೇನು?”

ಮಾತು ಜವಳಗೇರಾ ಮುಟ್ಟುವಾಗ ಒಂದು ಪೆಟ್ಟಿಗೆ ಹಳ್ಳಕ್ಕೆ ಬಿದ್ದಿತ್ತು. ಸಿಂಧನೂರಿನಲ್ಲಿ ಅದನ್ನು ಹುಡುಕಲು ಟೋಪಿಯ ಸಾಹೇಬರು ಬಂದಿಳಿದಿದ್ದರು. ತುರ್ವಿಹಾಳದಲ್ಲಿ ಆ ನೀರು ಕುಡಿದ ಎಮ್ಮೆಯೊಂದು ಕತ್ತಲೆಯಲ್ಲಿ ಹೊಳೆಯತೊಡಗಿತು. ಕಣ್ಣಾರೆ ಕಂಡವರು ಮಾತ್ರ ಯಾವಾಗಲೂ ಪಕ್ಕದೂರಿನವರು. ನಾನು ನಕ್ಕೆನೆಂದುಕೊಂಡಿರಾ? ಹಳ್ಳದ ನೀರನ್ನು ಸೋಸಿ, ಕುದಿಸಿ, ಆರಿಸಿ, ಮತ್ತೆ ಸೋಸಿ, ಕೊನೆಗೆ ಕುಡಿಯದೆ ಚೆಲ್ಲುತ್ತಿದ್ದೆ.

ಲಿಂಗಸುಗೂರಿಗೂ ಸುದ್ದಿ ಹೋಯಿತು. ನನ್ನ ತಂಗಿ ಗಂಗವ್ವನ ಮದುವೆ ಗೊತ್ತಾಗಿದ್ದು ಅಲ್ಲಿಗೇ. ಅಪ್ಪ ಹೋದ ಮೇಲೆ ಆ ಹೊಣೆ ನನ್ನದು. ಬೀಗರು ಹೇಳಿಕಳಿಸಿದರು: ಆ ನೀರು ಕುಡಿದ ಹೆಣ್ಣುಮಕ್ಕಳಿಗೆ ಬಸಿರು ನಿಲ್ಲುವುದಿಲ್ಲವಂತೆ, ಸದ್ಯ ಮದುವೆ ಬೇಡ, ಮುಂದೆ ನೋಡೋಣ. ‘ನೋಡೋಣ’ ಎಂದರೆ ನಮ್ಮ ಕಡೆ ‘ಮುಗಿಯಿತು’ ಎಂದೇ ಅರ್ಥ.

“ಕಾಕಾ, ಸುಳ್ಳಂತ ಹೇಳಿಬಿಡ್ರಿ” ಎಂದು ಗೋಗರೆದೆ.

“ಅಖಬಾರದಾಗ ಬಂದಿದ್ದು ಸುಳ್ಳಂತ ಹೆಂಗ ಹೇಳಲಿ?”

“ಜಪಾನಿಗೆ ಹೋಗಿದ್ದು ನಮ್ಮ ಹಳ್ಳಕ್ಕ ಯಾಕ ಬಂತು ಕಾಕಾ?” ಗಂಗವ್ವ ಒಳಗಿನಿಂದಲೇ ಕುಟುಕಿದಳು. “ಇಲ್ಲೇನು ಅದರ ಬೀಗರದಾರೇನು?”

ಕಾಕಾ ನಕ್ಕರು. ನಾನು ಒಳಗೆ ಹೋಗಿ ನೋಡಿದರೆ ಅವಳ ಕಣ್ಣು ಕೆಂಪಗಿದ್ದವು. “ಒಲಿ ಹೊಗಿ ಅಣ್ಣಾ” ಎಂದಳು. ಒಲೆ ಹಚ್ಚಿರಲಿಲ್ಲ.

ಕೆಲವು ದಿನಗಳಾದ ಮೇಲೆ ಹುಡುಗನ ತಾಯಿ ನೀಲಮ್ಮ ತಾವೇ ಬಂದರು. ಬಿದ್ದ ಸೇತುವೆಯ ಪಕ್ಕ ಹಳ್ಳಕ್ಕಿಳಿದು ದಾಟಿದ್ದರು. ಸೀರೆಯ ಅಂಚು ಒದ್ದೆ. “ಮಂದಿ ಬಾಯಾಗ ಕೇಳಿ ಸಾಕಾತು. ಖುದ್ದ ನೋಡೋಣಂತ ಬಂದೀನ್ರಿ” ಎಂದು ಕೂತರು. ಗಂಗವ್ವ ಮಜ್ಜಿಗೆ ತಂದಳು. ಬಿಸಿಲಿಗೆ ದಣಿದಿದ್ದ ಬೀಗತಿ ಗಟಗಟನೆ ಕುಡಿದು, ತಂಬಿಗೆ ಕೆಳಗಿಟ್ಟ ಮೇಲೆ ಒಮ್ಮೆಲೇ ಬೆಚ್ಚಿದರು.

“ಇದು ಯಾವ ನೀರಿಂದವ್ವ?”

“ಹಳ್ಳದ್ದ ರೀ ಅತ್ತಿ. ಇನ್ನಷ್ಟು ತರಲೇನು?”

ನೀಲಮ್ಮ ಅವಳನ್ನು ನೆಟ್ಟಗೆ ನೋಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು, ಕಾಕಾನ ಕಡೆ ತಿರುಗಿದರು. “ಆ ಲಾರಿಯಾವ ಏನಂದಾನ? ಅವನ ಮಾತಿನಾಗ ಹೇಳ್ರಿ.”

“ಜೌಹರಿ ಮಾಲ್ ಅಂದಾನ್ರಿ.”

“ಅಯ್ಯ ನಿಮ್ಮ! ನಮ್ಮ ಓಣ್ಯಾಗ ಹೈದರಾಬಾದಿನ ಜೌಹರಿ ಬಂದಾನ, ಬಂಗಾರದಂಗಡಿಯಾವ! ಸೇತುವಿ ಬಿದ್ದ ರಾತ್ರಿನ ಅವನ ಕಬ್ಬಿಣದ ತಿಜೋರಿ ಲಾರಿಯಿಂದ ಇಳಸಾಕ ಓಣಿ ಗಂಡಸರೆಲ್ಲಾ ಕೈ ಹಚ್ಚ್ಯಾರ. ಈ ಹುಡುಗಿ ತಾಳಿ ಮಾಡಾಕ ಕೊಟ್ಟಿದ್ದೂ ಅವನ ಹತ್ರಾನ!”

ಕಾಕಾ ಧೋತರ ಕೊಡವಿಕೊಂಡು ಎದ್ದರು. “ಮತ್ತ ನಾ ಹೇಳಿದ್ದೂ ಅದನ್ನ ಅಲ್ಲೇನಲೇ? ಜೌಹರಿ ಮಾಲಿಂದನ ಸೇತುವಿ ಬಿತ್ತು!”

ನೀಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ, “ಇನ್ನೊಂದು ತಂಬಿಗಿ ತಾರವ್ವ, ನನ್ನ ಸೊಸಿ” ಎಂದರು. ಮದುವೆ ನಿಂತಿಲ್ಲವೆಂದು ನನಗೆ ತಿಳಿದದ್ದು ಹಾಗೆ.

ಈಗ ನಾವು ಸಿಂಧನೂರಿಗೆ ಬಂದಿದ್ದೇವೆ, ಸಿಂಧನೂರಿಗೆ ಕಾಲುವೆಯ ನೀರು ಬಂದಿದೆ. ಅಣೆಕಟ್ಟಿನಲ್ಲಿ ಕರೆಂಟೆಲ್ಲ ಹಿಂಡಿಕೊಂಡು ಬರೀ ಪಿಪ್ಪೆ ನೀರು ಬಿಡುತ್ತಾರೆ ಎನ್ನುವವರೂ ಅದರ ಹಿಂದೆಯೇ ಬಂದಿದ್ದಾರೆ. ನಿನ್ನೆ ಗಂಗವ್ವ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದವಳು ಕೊಡದ ಮುಂದೆ ತಡೆದು ನಿಂತಳು.

“ಅಣ್ಣಾ, ಕರೆಂಟ್ ತೆಗದ ನೀರಂತಲ್ಲ ಇದು? ಕೂಸಿಗೆ ಕೊಡಬಹುದೇನು?”

“ನೀನೂ ಹಿಂಗ ಅಂದ್ರ ಹೆಂಗವ್ವ! ಧಾರಾಳ ಕೊಡು” ಎಂದು ಜೋರಾಗಿ ನಕ್ಕೆ. ಅವಳು ಲೋಟ ತರಲು ಒಳಗೆ ಹೋದಳು. ಅವಳು ತಿರುಗಿ ಬರುವುದರೊಳಗೆ ಗಡಬಡಿಸಿ ಒಂದು ಬೊಗಸೆ ಎತ್ತಿ, ಮೊದಲು ನಾನೇ ಕುಡಿದೆ.